ಕಾಡುಬೆಕ್ಕಾದ ಚಕ್ಕುಲಿ ಒರಳು

ನನ್ನ ಮೊಬೈಲಿನಲ್ಲಿ ಸಿನಿಮಾ ತಾರೆಯರು ಕಂಡಿದ್ದರೂ ನನ್ನ ಹೆಂಡತಿ ಕುಸುಮಾವತಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಆದರೆ ಅದರಲ್ಲಿ ಕಾಣುವುದು ಬಂದೂಕಿನ ತೋಟೆ.

ಅಮೆರಿಕದ ಗಡ್ಡದವನೊಬ್ಬ ತನ್ನ ಗ್ಯಾರೇಜಿನಲ್ಲಿ ಕುಳಿತು, ಒಂದು ರೈಫಲಿನ ಖಾಲಿ ಹಿತ್ತಾಳೆ ತೋಟೆಯನ್ನು ಉಕ್ಕಿನ ಅಚ್ಚಿಗೆ ತಳ್ಳಿ, ಕುತ್ತಿಗೆ ಹಿಚುಕಿ, ಹೆಗಲು ಕೂರಿಸಿ, ಯಾವ ಅಂಗಡಿಯಲ್ಲೂ ಸಿಗದ ಹೊಸ ತೋಟೆ ಮಾಡುತ್ತಾನೆ. ಅಂಥದ್ದಕ್ಕೆ ಅವರು ವೈಲ್ಡ್‌ಕ್ಯಾಟ್, ಅಂದರೆ ಕಾಡುಬೆಕ್ಕು, ಎನ್ನುತ್ತಾರೆ. ನಾನು ಬಂದೂಕು ಮುಟ್ಟಿದವನಲ್ಲ. (ಮುಟ್ಟಿದ್ದರೆ ಬಹರೈನಿನಲ್ಲಿ ಹಾಯಾಗಿ ಕುಳಿತು ಇದನ್ನು ಬರೆಯುತ್ತಿರಲಿಲ್ಲ.) ಆದರೆ ಇಲ್ಲಿಯ ಹಿದ್‌ ಊರಿನ ವರ್ಕ್‌ಶಾಪಿನಲ್ಲಿ ಅರ್ಧ ಆಯುಷ್ಯ ಉಕ್ಕು ಕಾಯಿಸಿ ಬಡಿದ ಫಿಟ್ಟರನಿಗೆ ಲೋಹ ಮಣಿಯುವುದನ್ನು ನೋಡುವುದೇ ಪರಮಾನಂದ.

"ಆ ಸೌಂಡ್ ಬಂದ್ ಮಾಡಿ ಮಾರಾಯ್ರೆ! ಗನ್ನು, ಬುಲೆಟ್ಟು ಅಂತ ಕೇಳಿ ಯಾರಾದ್ರೂ ಪೊಲೀಸಿಗೆ ಹೇಳಿದ್ರೆ ನಾಳೆ ನಾವು ಮಂಗಳೂರಿನ ಫ್ಲೈಟಲ್ಲಿ!"

"ಕೆಳಗಿನ ಮನೆಯಲ್ಲಿರೋದು ಎಡ್ಮಂಡ್, ಮಾರಾಯ್ತಿ. ಅವ ಪೊಲೀಸಿಗೆ ಹೇಳ್ಲಿಕ್ಕಿಲ್ಲ. ಹೇಳಿದ್ರೆ ಹೆಂಡತಿ ಸೂಸನಿಗೆ."

"ಅದು ಇನ್ನೂ ಡೇಂಜರ್!"

ಹೀಗಾಗಿ ನನ್ನ ವಿದ್ಯಾಭ್ಯಾಸವೆಲ್ಲ ಸದ್ದಿಲ್ಲದೆ ನಡೆಯಿತು. ಲೋಹದ ವಿಷಯದಲ್ಲಿ ನನಗೆ ಇನ್ನೊಬ್ಬನ ಮಾತು ಯಾಕೆ?

ಇಲ್ಲಿಯ ಕನ್ನಡಿಗರ ಸಂಘದ ದೀಪಾವಳಿಗೆ ಎಲ್ಲರಿಗೂ ತನ್ನ ಕೈಯ ಚಕ್ಕುಲಿ ಎಂದು ಕುಸುಮಾ ವಾಟ್ಸಾಪಿನಲ್ಲಿ ಸಾರಿಬಿಟ್ಟಿದ್ದಳು. ಅದೇ ವಾರ ಅವಳ ಅಮ್ಮ ಕೊಟ್ಟ ಹಿತ್ತಾಳೆಯ ಚಕ್ಕುಲಿ ಒರಳು ಕಪಾಟಿನಿಂದ ಬಿದ್ದು ಬಾಯಿ ಸೊಟ್ಟ ಮಾಡಿಕೊಂಡಿತು. ತೂತಿನ ಬಿಲ್ಲೆ ಕೂರಲೊಲ್ಲದು.

"ಈಗ ಎಂತ ಮಾಡೋದು? ಸಂಘದಲ್ಲಿ ನನ್ನ ಮರ್ಯಾದೆ ಹೋಯ್ತು!"

"ಹಿತ್ತಾಳೆ ತಾನೆ? ಇತ್ತ ಕೊಡು," ಎಂದೆ, ಶಸ್ತ್ರಚಿಕಿತ್ಸಕನ ಗಾಂಭೀರ್ಯದಿಂದ.

ಒರಳನ್ನು ವರ್ಕ್‌ಶಾಪಿಗೆ ಒಯ್ದು, ಉಕ್ಕಿನ ದುಂಡನೆಯ ಅಚ್ಚು ಕಡೆದು, ತೆಂಗಿನೆಣ್ಣೆ ಸವರಿ ಮೆಲ್ಲಗೆ ಒತ್ತಿದೆ. ಬಾಯಿ ಹುಣ್ಣಿಮೆ ಚಂದ್ರನ ಹಾಗೆ ದುಂಡಗಾಯಿತು! ಬಿಲ್ಲೆ ಕೂತಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಒಮ್ಮೆ ಸೊಟ್ಟಗಾದದ್ದು ಇನ್ನೊಮ್ಮೆ ಆಗಬಾರದಲ್ಲ? ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ. ಗಡ್ಡದವನೂ ತೋಟೆಯ ಕುತ್ತಿಗೆಗೆ ಬೆಂಕಿ ಹಿಡಿದು ನೀರಿಗೆ ಬೀಳಿಸುತ್ತಿದ್ದ. ಸಂಶಯವೆಲ್ಲಿ? ಅವನು ಜಿಪುಣ, ಕುತ್ತಿಗೆ ಮಾತ್ರ ಕಾಯಿಸುತ್ತಿದ್ದ. ನಾನು ಉದಾರಿ, ಇಡೀ ಒರಳನ್ನೇ ಕೆಂಪಗೆ ಕಾಯಿಸಿ ಬಕೆಟ್ಟಿಗೆ ಇಳಿಸಿದೆ. ಚುಂಯ್!

"ಇನ್ನು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇದಕ್ಕೆ ಸಾವಿಲ್ಲ," ಎಂದು ಹುಣಸೆಹುಳಿ ಹಾಕಿ ಉಜ್ಜಿ, ಫಳಫಳ ಹೊಳೆಯಿಸಿ ಒಪ್ಪಿಸಿದೆ.

ದೀಪಾವಳಿಯ ಶುಕ್ರವಾರ. ಎಣ್ಣೆ ಕಾದಿತ್ತು. ಕುಸುಮಾ ಹಿಟ್ಟು ತುಂಬಿ ಹಿಡಿ ತಿರುಗಿಸಿದಳು. ಚಕ್ಕುಲಿ ಬರಲಿಲ್ಲ.

"ಹಿಟ್ಟು ಗಟ್ಟಿಯಾಗಿದೆ, ಸರಿ," ಎಂದು ನಾನು ಫಿಟ್ಟರನ ತೋಳು ಹಾಕಿದೆ. ಆಗಲೂ ಚಕ್ಕುಲಿ ಬರಲಿಲ್ಲ. ಒರಳಿಗೇ ಹೊಟ್ಟೆ ಬಂತು! ನೋಡನೋಡುತ್ತ ಅದು ಏಳು ತಿಂಗಳ ಬಸುರಿಯಂತಾಯಿತು. ಹೆಗಲು ಮೂಡಿತು, ಕುತ್ತಿಗೆ ಸಣ್ಣಗೆ ನಿಂತಿತು, ಥೇಟ್ ಗಡ್ಡದವನ ತೋಟೆ. ಹಿಟ್ಟು ಮೇಲಿನಿಂದ ಉಕ್ಕಿ ನನ್ನ ಅಂಗಿಗೆ ಮೆತ್ತಿಕೊಂಡಿತು.

ಕುಸುಮಾಳ ಕೂಗಿಗೆ ಎಡ್ಮಂಡ್ ಓಡಿ ಬಂದ. ನಾನು ಮೊಬೈಲು ತೆರೆದು, "ನೋಡು, ಅವ ಮಾಡಿದ ಹಾಗೇ ಮಾಡಿದ್ದೇನೆ," ಎಂದೆ. ಆತ ಸೌಂಡ್ ಹಾಕಿ ಕೇಳಿ, ತಲೆ ಕೆರೆದ.

"ಸೇಸಪ್ಪಣ್ಣ, ಕಾಯಿಸಿದ್ರೆ ಹಿತ್ತಾಳೆ ಮೆತ್ತಗಾಗ್ತದೆ, ಅದಕ್ಕೇ ಕಾಯಿಸೋದು ಅಂತ ಹೇಳ್ತಾ ಇದ್ದಾನಲ್ಲ ಇವ!"

"ನಮ್ಮನೆ ಒರಳೇ ಸಿಕ್ಕಿದ್ದಾ ನಿಮಗೆ ಮೆತ್ತಗೆ ಮಾಡ್ಲಿಕ್ಕೆ?" ಕುಸುಮಾ ಸಟ್ಟುಗ ಎತ್ತಿದಳು. ಸೂಸನಳ ಒರಳು ದೂರದ ರಿಫಾದಲ್ಲಿ ಅವಳ ಅಕ್ಕನ ಮನೆಯಲ್ಲಿತ್ತು. ಜುಮ್ಮಾ ನಮಾಜಿನ ಹೊತ್ತು, ಅಂಗಡಿಗಳೂ ಬಂದ್. ಸಂಜೆಗೆ ಕಾರ್ಯಕ್ರಮ. ಕುಸುಮಾ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, "ಕೂತ್ಕೊಳ್ಳಿ. ನಮ್ಮಜ್ಜಿ ಕೈಯಲ್ಲೇ ಸುತ್ತುತ್ತಿದ್ರು. ನೀವೂ ಸುತ್ತಿ," ಎಂದಳು.

"ನಾನಾ?"

"ಮತ್ತೆ ಆ ಗಡ್ಡದವನಾ?"

ಸುತ್ತಿದೆ. "ದಪ್ಪ ಆಯ್ತು! ಅದೆಂತ, ಹಾವಾ? ಹುರಿ ಸಮ ಬರ್ಲಿ!" ಎಂದು ಆಕೆ ಕರಿಯುತ್ತ ಗುಡುಗುತ್ತಿದ್ದಳು. ಎಡ್ಮಂಡ್ ಮುರಿದದ್ದನ್ನು ತಿನ್ನುವ ಜವಾಬ್ದಾರಿ ವಹಿಸಿಕೊಂಡ. ಆದರೆ ನಿಜ ಹೇಳುತ್ತೇನೆ, ಮಧ್ಯಾಹ್ನ ಕಳೆಯುವಷ್ಟರಲ್ಲಿ ನನ್ನ ಬೆರಳಿನಿಂದ ಇಳಿದ ಚಕ್ಕುಲಿಗಳು ಸ್ಪ್ರಿಂಗಿನಷ್ಟು ಕರಾರುವಾಕ್ಕಾಗಿದ್ದವು.

ಸಂಜೆ ಸಂಘದಲ್ಲಿ ಕೋಲಾಹಲ. "ಕೈಸುತ್ತಿನ ಚಕ್ಕುಲಿ! ಈಗ ಯಾರಿಗೆ ಬರ್ತದೆ ಇದು? ಎಂಥ ಕೈ ಕುಸುಮಕ್ಕಂದು!" ಹೆಂಗಸರೆಲ್ಲ ಅವಳ ಕೈ ಹಿಡಿದು ನೋಡುವವರೇ. ಅವಳು ನಾಚುತ್ತ ನಿಂತಿದ್ದಳು, ನನ್ನ ಕಡೆ ಒಂದು ನೋಟವೂ ಇಲ್ಲ. ಮರ್ಯಾದೆ ಉಳಿದಿತ್ತಲ್ಲ, ಬಾಯಿ ಮುಚ್ಚಿಕೊಂಡು ಊಟ ಮಾಡಬಹುದಿತ್ತು. ಕಲಾವಿದನ ಮನಸ್ಸು ತಡೆಯಲಿಲ್ಲ. ವೇದಿಕೆ ಹತ್ತಿ ಮೈಕು ಕಿತ್ತುಕೊಂಡು, "ಆ ಕೈ ಇದು!" ಎಂದು ಎರಡೂ ಕೈ ಎತ್ತಿ ತೋರಿಸಿದೆ.

ಚಪ್ಪಾಳೆ ಸಿಡಿಯಿತು. ಆ ಗದ್ದಲದಲ್ಲೇ ಅಧ್ಯಕ್ಷರು ಸಂಘದ ಕಾಯಂ ಚಕ್ಕುಲಿ ಉಸ್ತುವಾರಿಯಾಗಿ ನನ್ನನ್ನು ಸರ್ವಾನುಮತದಿಂದ ಆರಿಸಿದರು. ಅನುಮೋದಿಸಿದವಳು ಕುಸುಮಾವತಿ.

ಮರುದಿನ ಬಾಗಿಲು ತೆರೆದರೆ ಎಡ್ಮಂಡ್ ಅಕ್ಕಿಹಿಟ್ಟಿನ ಚೀಲ ಹೊತ್ತು ನಿಂತಿದ್ದ.

"ಸೇಸಪ್ಪಣ್ಣ, ಈ ಕ್ರಿಸ್ಮಸ್ಸಿಗೆ ಸೂಸನ್ ರೆಸ್ಟ್ ತಗೊಳ್ತಾಳಂತೆ."