ಟೀಚರಮ್ಮನ ಕಿವಿ

ಎಲ್ಲದಕ್ಕೂ ಮೂಲ ಒಂದು ಚಮಚ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅದು ಕಿವಿಡಾಕ್ಟರನ ಕೈಯಿಂದ ಜಾರಿ ಅಡುಗೆಮನೆಯ ನೆಲದ ಮೇಲೆ ಠಣ್ ಎಂದು ಬಿತ್ತು. ಕಿಟಕಿಯ ಕಡೆ ಮುಖ ಮಾಡಿ ಬಟಾಣಿ ಸುಲಿಯುತ್ತಿದ್ದ ಅತ್ತೆ, ತಿರುಗಿಯೂ ನೋಡದೆ, "ಮೆಲ್ಲಗೆ" ಎಂದರು.

ಇದರಲ್ಲಿ ಗಾಬರಿಯಾಗುವಂಥದ್ದೇನಿದೆ ಎಂದು ನೀವು ಕೇಳಬಹುದು. ಇದೆ. ಅತ್ತೆಗೆ ಎರಡು ವರ್ಷದಿಂದ ಕಿವಿ ಕೇಳುವುದಿಲ್ಲ. ಪಕ್ಕದಲ್ಲಿ ನಿಂತು ತಗಡಿನ ಡಬ್ಬ ಬಡಿದರೂ ಕೇಳುವುದಿಲ್ಲ. ಕೊರಳಿಗೆ ದಾರ ಕಟ್ಟಿ ಪುಟ್ಟ ಸ್ಲೇಟೊಂದನ್ನು ತೂಗುಹಾಕಿಕೊಂಡು ಓಡಾಡುತ್ತಾರೆ. ಏನಾದರೂ ಹೇಳಬೇಕಾದವರು ಅದರ ಮೇಲೆ ಬರೆದು ತೋರಿಸಬೇಕು.

ಕಿವಿಡಾಕ್ಟರ ಬಗ್ಗಿದವನು ಬಗ್ಗಿದಂತೆಯೇ ನಿಂತ. ಮೊದಲು ಬಂದದ್ದು ಸಂಶಯ, ಅದರ ಬೆನ್ನಿಗೇ ಭಯ. ಕೇಳುವುದಿಲ್ಲವೆಂಬ ಧೈರ್ಯದಿಂದ ಈ ಎರಡು ವರ್ಷ ಅತ್ತೆಯ ಬೆನ್ನ ಹಿಂದೆ ತಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಅವರ ಚಹಾವನ್ನು ಪಾತ್ರೆ ತೊಳೆದ ನೀರು ಎಂದಿದ್ದ. ಅವರು ನಡೆದರೆ ಯಾರೋ ಬೀರು ಸರಿಸಿದ ಹಾಗಿರುತ್ತದೆ ಎಂದಿದ್ದ. "ಇವರು ಸ್ವರ್ಗಕ್ಕೆ ಹೋದ ದಿನದಿಂದ ಅಲ್ಲಿನ ದೇವದೂತರಿಗೆ ರಜೆ ಅನ್ನೋದೇ ಇರಲ್ಲ" ಎಂದು ಅವರ ಎದುರಿಗೇ ಕೂತು ನಗುನಗುತ್ತ ಹೇಳಿದ್ದ. ಅತ್ತೆಯೂ ನಗುನಗುತ್ತ ತಲೆಯಾಡಿಸಿದ್ದರು.

ಅವನು ನಿಜವಾದ ಡಾಕ್ಟರನೇನಲ್ಲ. ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿಗೂ ಬೇಕರಿಗೂ ನಡುವಿನ ಕಿರಿದಾದ ಕೋಣೆಯಲ್ಲಿ ಕೂತು, ಕಿವಿ ಮಂದವಾದವರಿಗೆ ಯಂತ್ರ ಅಳವಡಿಸಿ ಕೊಡುತ್ತಾನೆ. "ಮೇಲಿನ ಗುಂಡಿ ಒಂದ್ಸಲ ಒತ್ತಿ, ದನಿ ಏರುತ್ತೆ. ಕೆಳಗಿನ ಗುಂಡಿ ಒತ್ತಿ ಹಿಡ್ಕೊಂಡು ಒಂದು, ಎರಡು, ಮೂರು ಎಣಿಸಿ, ಆಫ್ ಆಗುತ್ತೆ" ಎಂದು ಒಬ್ಬೊಬ್ಬರಿಗೂ ಹತ್ತು ಸಲ ಹೇಳಿಕೊಡುವ ತಾಳ್ಮೆ ಅವನಿಗಿದೆ. ಚರ್ಚಿನ ಮೊದಲ ಬೆಂಚಿನಲ್ಲಿ ಕೂರುವ ಆರು ಮಂದಿ ಹಿರಿಯರ ಕಿವಿಯ ಹಿಂದಿರುವುದೂ ಅವನು ಕೊಟ್ಟ ಯಂತ್ರವೇ. ಅತ್ತೆಗೆ ಮಾತ್ರ ಯಾವ ಯಂತ್ರವೂ ಹಿಡಿಸಿರಲಿಲ್ಲ. "ಊರಿಗೆಲ್ಲ ಕಿವಿ ಕೊಟ್ಟ, ಅತ್ತೆಗೆ ಸ್ಲೇಟು ಕೊಟ್ಟ" ಎಂದು ಎದುರುಮನೆಯ ನಿವೃತ್ತ ನರ್ಸಮ್ಮ ಆಡಿಕೊಂಡದ್ದು ಬೀದಿಯ ತುದಿ ಮುಟ್ಟಿ ವಾಪಸು ಬಂದಿತ್ತು.

ಅದೂ ಎಂಥ ಅತ್ತೆ! ನಲವತ್ತು ವರ್ಷ ಚರ್ಚಿನ ಗಾಯನ ತಂಡಕ್ಕೆ ಹಾಡು ಕಲಿಸಿದ ಟೀಚರಮ್ಮ. ಮೂವತ್ತು ಜನ ಒಟ್ಟಿಗೆ ಹಾಡುವಾಗ ಯಾರ ಹಲ್ಲುಸಂದಿಯಿಂದ ಸ್ವರ ಸೋರಿತು ಎಂದು ಬೆರಳು ತೋರಿಸಿ ಹೇಳುತ್ತಿದ್ದರು. ಟೀಚರಮ್ಮ ಕೇಳಿ ತಲೆಯಾಡಿಸದೆ ಯಾರೂ ಒಂಟಿಯಾಗಿ ಒಂದು ಚರಣವನ್ನೂ ಹಾಡುವಂತಿಲ್ಲ ಎಂಬುದು ಆ ಚರ್ಚಿನ ನಿಯಮ. ಅವರ ಕಿವಿ ಹೋದ ಮೇಲೆ ಆ ನಿಯಮವೂ ಸದ್ದಿಲ್ಲದೆ ಮೂಲೆ ಸೇರಿತ್ತು.

ಕಿವಿಡಾಕ್ಟರ ಹಾಡಲು ಶುರುಮಾಡಿದ್ದೂ ಆಗಲೇ. ಅವನ ಅಣ್ಣ ತೀರಿಕೊಂಡಿದ್ದ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣ. ನಾಲ್ಕು ತಿಂಗಳು ಇವನು ಅಂಗಡಿಯ ಬಾಗಿಲು ತೆಗೆಯಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದ್ದ, ಹೆಂಡತಿ ಮಾತಾಡಿಸಿದರೆ ಉತ್ತರವಿಲ್ಲ. ಒಂದು ಭಾನುವಾರ ಅವಳು ಕೈಹಿಡಿದು ಎಳೆದುಕೊಂಡು ಹೋಗಿ ಗಾಯನ ತಂಡದ ಹಿಂದಿನ ಸಾಲಿನಲ್ಲಿ ನಿಲ್ಲಿಸಿದಳು. ಎಲ್ಲರೂ ಬಾಯಿ ತೆರೆದಾಗ ಇವನ ಬಾಯಿಯೂ ತೆರೆಯಿತು. ಎದೆಯಲ್ಲಿ ಕಲ್ಲಾಗಿ ಕೂತಿದ್ದದ್ದು ಹಾಡಿನ ಜೊತೆ ಕರಗಿ ಕಣ್ಣಿಗೆ ಬಂತು. ಆ ದಿನ ಅವನು ಹೊಟ್ಟೆತುಂಬ ಉಂಡ; ಮರುದಿನ ಅಂಗಡಿ ತೆರೆದ. ಇದರಲ್ಲಿ ತಮಾಷೆಯೇನೂ ಇಲ್ಲ, ಹಾಡು ಅವನನ್ನು ಉಳಿಸಿದ್ದು ನಿಜ. ಅಂದಿನಿಂದ ಪ್ರತಿ ತಿಂಗಳು ಕಾಯಿಲೆ ವಾಸಿಯಾಗಲೆಂದು ನಡೆಯುವ ಸ್ವಸ್ಥತೆಯ ಆರಾಧನೆಯಲ್ಲಿ ಅವನು ಮುಂದೆ ಬಂದು ತಾನು ವಾಸಿಯಾದ ಸಾಕ್ಷಿ ಹೇಳಿ ಒಂದು ಚರಣ ಒಂಟಿಯಾಗಿ ಹಾಡಬೇಕೆಂದು ಪಾದ್ರಿಗಳೇ ಗೊತ್ತುಮಾಡಿದರು. ತಿಂಗಳಿಡೀ ಅವನು ಕಾಯುತ್ತಿದ್ದದ್ದು ಆ ಒಂದು ಚರಣಕ್ಕೆ. ಅವನು ಮುಂದೆ ಬಂದ ಕೂಡಲೇ ಮೊದಲ ಬೆಂಚಿನ ಆರು ಕೈಗಳೂ ಕಿವಿಯ ಹಿಂದಕ್ಕೆ ಹೋಗುತ್ತಿದ್ದವು. ತನಗಾಗಿ ದನಿ ಏರಿಸಿಕೊಳ್ಳುತ್ತಿದ್ದಾರೆಂದು ಅವನು ಇನ್ನಷ್ಟು ಗಟ್ಟಿಯಾಗಿ ಹಾಡುತ್ತಿದ್ದ.

ಇವತ್ತೂ ಅಂಥದೇ ಭಾನುವಾರ. ಆದರೆ ತಲೆಯಲ್ಲಿ ಹಾಡಿರಲಿಲ್ಲ, ಚಮಚವಿತ್ತು.

ಮೊದಲ ಪರೀಕ್ಷೆಗೆ ಅಲಾರಾಂ ಗಡಿಯಾರವನ್ನು ಅತ್ತೆಯ ಕುರ್ಚಿಯ ಕೆಳಗಿಟ್ಟ. ಅದು ಬಡಿದುಕೊಂಡು ಬಡಿದುಕೊಂಡು ತಾನೇ ಸುಸ್ತಾಗಿ ನಿಂತಿತು. ಅತ್ತೆಯ ಒಂದು ಬಟಾಣಿಯೂ ಅಲುಗಲಿಲ್ಲ. ಎರಡನೆಯದಾಗಿ ಬಾಗಿಲ ಸಂದಿಯಲ್ಲಿ ನಿಂತು, ಗಾಳಿಗೆ ಹೇಳುವಂತೆ, "ಅತ್ತೆಯ ಆ ಹಳೇ ಪೆಟ್ಟಿಗೇನ ಇವತ್ತು ಗುಜರಿಗೆ ಹಾಕ್ಬಿಡ್ತೀನಿ" ಎಂದ. ಅತ್ತೆ ಕಣ್ಣು ಮಿಟುಕಿಸಲಿಲ್ಲ. ಆದರೆ ಹತ್ತು ನಿಮಿಷ ಬಿಟ್ಟು ನೋಡಿದರೆ, ಕುರ್ಚಿ ಖಾಲಿ; ಅತ್ತೆ ಆ ಪೆಟ್ಟಿಗೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು.

"ನೋಡಿದ್ಯಾ?" ಎಂದು ಅವನು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. "ನಿಮ್ಮಮ್ಮನಿಗೆ ಎಲ್ಲಾ ಕೇಳುತ್ತೆ!"

ಅವಳು ಸೀರೆಗೆ ಪಿನ್ನು ಹಾಕುತ್ತಿದ್ದಳು. "ನಿಮಗೆ ಬೇರೆ ಕೆಲ್ಸ ಇಲ್ವಾ? ಇವತ್ತು ಹಾಡೋದಿದೆ, ಗಂಟ್ಲಿಗೆ ಬಿಸಿನೀರು ಕುಡೀರಿ" ಎಂದಳು. ಹೇಳುವಾಗ ಅವನ ಮುಖ ನೋಡಲಿಲ್ಲ. ಕಿವಿಡಾಕ್ಟರನಿಗೆ ಈಗ ಹೆಂಡತಿಯ ಮೇಲೂ ಸಂಶಯ ಬಂತು. ಬಿಸಿನೀರಿನ ಮೇಲೂ ಬಂತು.

ಚರ್ಚಿಗೆ ಹೋಗುವಾಗ ಹೆಂಡತಿ, ಅತ್ತೆ ಮುಂದೆ ನಡೆದರು. ಇವನು ಹಿಂದೆ ಉಳಿದು, ಆಗಾಗ "ಅಯ್ಯೋ ನಾಯಿ!" ಎಂದೂ "ಸೈಕಲ್, ಸೈಕಲ್!" ಎಂದೂ ಕೂಗಿ ನೋಡಿದ. ದಾರಿಹೋಕರೆಲ್ಲ ಹಾರಿದರು, ಅತ್ತೆ ಹಾರಲಿಲ್ಲ. ನರ್ಸಮ್ಮ ಅವನನ್ನು ಕೂಡಿಕೊಂಡು ವಿಷಯವನ್ನೆಲ್ಲ ಎರಡೇ ನಿಮಿಷದಲ್ಲಿ ಹೊರಗೆಳೆದರು.

"ನಾಯಿಗೆಲ್ಲ ಹೆದರೋ ಹೆಂಗಸಲ್ಲ ಅದು. ಅವ್ರಿಗೆ ತಡ್ಕೊಳ್ಳೋಕಾಗದೇ ಇರೋದು ಒಂದೇ, ಅಪಸ್ವರ. ಈಗ ಹಾಡಿನ ಅಭ್ಯಾಸ ಇದೆಯಲ್ಲ? ಬೇಕಂತಲೇ ಒಂದು ಸ್ವರ ತಪ್ಪಿ ಹಾಡಿ. ಕಿವಿ ಇದ್ರೆ ಮುಖದಲ್ಲಿ ಗೊತ್ತಾಗುತ್ತೆ."

"ನಾನು ತಪ್ಪಿ ಹಾಡೋದಾ?" ಕಿವಿಡಾಕ್ಟರನಿಗೆ ನೋವಾಯಿತು. "ಅದು ನಂಗೆ ಹೇಗೆ ಬರುತ್ತೆ?"

ನರ್ಸಮ್ಮನಿಗೆ ಅದೇಕೋ ಕೆಮ್ಮು ಬಂತು. "ಪ್ರಯತ್ನ ಪಡಿ" ಎಂದರು.

ಆರಾಧನೆಗೆ ಇನ್ನೂ ಅರ್ಧ ಗಂಟೆಯಿತ್ತು. ಗಾಯನ ತಂಡ ಪೀಠದ ಪಕ್ಕದಲ್ಲಿ ಸೇರಿತ್ತು. ಅತ್ತೆ ಎಂದಿನಂತೆ ಕಂಬದ ಬಳಿಯ ಬೆಂಚಿನಲ್ಲಿ, ಸ್ಲೇಟನ್ನು ಕೊರಳಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ಅತ್ತೆಯ ಜಾಗಕ್ಕೆ ಬಂದ ಗಾಯನ ಮೇಷ್ಟ್ರು ಹಾರ್ಮೋನಿಯಂ ಮುಂದೆ ಹಲ್ಲುನೋವಿನವರ ಮುಖ ಹಾಕಿಕೊಂಡು, "ಸರಿ, ನಿಮ್ಮ ಚರಣ" ಎಂದರು.

ಕಿವಿಡಾಕ್ಟರ ಕಣ್ಣನ್ನು ಅತ್ತೆಯ ಮೇಲೆ ನೆಟ್ಟು, "ಮುರಿದ ಮನದ ಬಾಗಿಲಲಿ ನಿಂತವನೇ" ಎಂದು ಎತ್ತಿದ. ಮೊದಲ ಸಾಲನ್ನು ಎಂದಿನಂತೆ ಹಾಡಿದ. ಅತ್ತೆಯ ಮುಖ ಕಲ್ಲು. ಎರಡನೆಯದೂ ಎಂದಿನಂತೆ. ಕಲ್ಲು. ಮೂರನೆಯ ಸಾಲು ಬಂತು. ಅವನು ದೇವರಲ್ಲಿ ಕ್ಷಮೆ ಕೇಳಿಕೊಂಡು, ಎದೆ ಗಟ್ಟಿಮಾಡಿಕೊಂಡು, ಬೇಕೆಂದೇ ದನಿಯನ್ನು ದಾರಿ ತಪ್ಪಿಸಿ ಸ್ವಲ್ಪ ಮೇಲಕ್ಕೆ ತಳ್ಳಿದ.

ಹಾರ್ಮೋನಿಯಂ ನಿಂತಿತು. ಮೇಷ್ಟ್ರು ಬಾಯಿ ತೆರೆದು ನೋಡಿದರು. ಬೆಂಚಿನ ಮೇಲಿದ್ದ ಅತ್ತೆ ಸ್ಪ್ರಿಂಗಿನಂತೆ ಎದ್ದು ನಿಂತು, ಎರಡೂ ಕೈ ಮೇಲೆತ್ತಿ ಕೂಗಿದರು:

"ಹಾಂ! ಅದೇ! ಅದೇ ಸ್ವರ! ಸಿಕ್ತು, ಬಿಡ್ಬೇಡಿ!"

ಸ್ಲೇಟು ಕೆಳಗೆ ಬಿದ್ದು ಚೂರಾಯಿತು.

"ಸಿಕ್ಕಿಬಿದ್ರಿ!" ಎಂದು ಕಿವಿಡಾಕ್ಟರ ಕುಣಿದ. "ಕೇಳುತ್ತೆ! ಇವರಿಗೆ ಕೇಳುತ್ತೆ!"

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ "ದೇವರಿಗೆ ಸ್ತೋತ್ರ!" ಎಂದರು. ಹತ್ತು ಮಂದಿ ಅದನ್ನೇ ಹೇಳಿದರು. ಪಾದ್ರಿಗಳು ನಿಲುವಂಗಿಗೆ ಒಂದೇ ತೋಳು ತೂರಿಸಿಕೊಂಡು ಓಡಿಬಂದರು. ವಿಷಯ ತಿಳಿದು ಅವರ ಕಣ್ಣು ಒದ್ದೆಯಾಯಿತು. "ಸ್ವಸ್ಥತೆಯ ಭಾನುವಾರದ ದಿನವೇ! ಹಾಡಿನಿಂದಲೇ! ನೋಡಿ, ಹಾಡಿನಿಂದ ವಾಸಿಯಾದವನ ಹಾಡು ಇನ್ನೊಬ್ಬರನ್ನ ವಾಸಿಮಾಡ್ತು."

"ಪಾದ್ರಿಗಳೇ, ಇದು ಅದ್ಭುತ ಅಲ್ಲ, ನಾಟ್ಕ" ಎಂದು ಕಿವಿಡಾಕ್ಟರ ಅಡ್ಡಬಂದ. " ಎರಡು ವರ್ಷದಿಂದ ಇವರಿಗೆ ಕೇಳ್ತಾನೇ ಇದೆ. ಯಾಕೆ ಮುಚ್ಚಿಟ್ರು, ಕೇಳಿ!"

ಗಾಯನ ಮೇಷ್ಟ್ರು ಮಾತ್ರ ನಿಧಾನವಾಗಿ ಎದ್ದರು. ಅವರ ಮುಖದ ಹಲ್ಲುನೋವು ಮಾಯವಾಗಿತ್ತು. "ಹೇಗಾದ್ರೂ ಇರ್ಲಿ. ಕಿವಿ ಬಂದಿದೆ ಅಂದ್ಮೇಲೆ ನಿಯಮನೂ ಬಂತು" ಎಂದರು. "ಟೀಚರಮ್ಮ, ನೀವೇ ಹೇಳ್ಬೇಕು. ಇವರು ಒಂಟಿಯಾಗಿ ಹಾಡ್ಬಹುದಾ, ಬಾರ್ದಾ?"

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಅಳಿಯನ ಮುಖ ನೋಡಿದರು. ಆಮೇಲೆ ಅವನ ರಟ್ಟೆ ಹಿಡಿದು ಹಾಡಿನ ಪುಸ್ತಕಗಳನ್ನಿಡುವ ಪಕ್ಕದ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು.

"ಈಗ ಸಮಾಧಾನ ಆಯ್ತಾ, ಅಳಿಯಂದ್ರೇ?"

"ಮೊದ್ಲು ನೀವು ಹೇಳಿ. ಯಾಕೆ ಈ ಮೋಸ? ನಾನು ಆಡಿದ್ದನ್ನೆಲ್ಲ ಕದ್ದು ಕೇಳೋಕಾ?"

"ನೀವು ಆಡಿದ್ದು ಏನು ಕೇಳೋಹಾಗಿತ್ತು? ಪಾತ್ರೆ ತೊಳೆದ ನೀರು, ಬೀರು ಸರಿಸೋದು." ಅತ್ತೆ ಪುಸ್ತಕದ ಕಟ್ಟಿನ ಮೇಲೆ ಕೂತರು. "ನಾಲ್ಕು ತಿಂಗಳು ನನ್ನ ಮಗಳು ಗೋಡೆ ಜೊತೆ ಸಂಸಾರ ಮಾಡಿದ್ಳು. ನೀವು ಹಾಡಿ ಎದ್ದು ಕೂತ್ರಿ. ಮುಂದಿನ ವಾರವೇ ಪಾದ್ರಿಗಳು ಬಂದು, ಇವನ ಹತ್ರ ಒಂದು ಚರಣ ಹಾಡಿಸ್ತೀವಿ, ನೀವು ಕೇಳಿ ಒಪ್ಪಿಗೆ ಕೊಡಿ ಅಂದ್ರು. ನಾನು ಏನು ಹೇಳ್ಲಿ? ಚರ್ಚಿನೊಳಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ನಿಜ ಹೇಳಿದ್ರೆ ನೀವು ಮತ್ತೆ ಗೋಡೆ ಕಡೆ ತಿರುಗ್ತೀರಿ. ಕೇಳಿಸ್ಲಿಲ್ಲ ಅಂದ್ಬಿಟ್ಟೆ."

ಕಿವಿಡಾಕ್ಟರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನೂ ಇನ್ನೊಂದು ಕಟ್ಟಿನ ಮೇಲೆ ಕುಸಿದು ಕೂತ.

"ನಾನು... ಅಷ್ಟು ಕೆಟ್ಟದಾಗಿ ಹಾಡ್ತೀನಾ?"

"ಎರಡು ವರ್ಷದಲ್ಲಿ ಇವತ್ತು ಒಂದು ಸ್ವರ ಸರಿಯಾಗಿ ಬಿತ್ತು. ಅದಕ್ಕೇ ತಡೆಯೋಕಾಗ್ಲಿಲ್ಲ ನಂಗೆ."

"ಅದು ಬೇಕಂತ ತಪ್ಪು ಹಾಡಿದ್ದು, ಅತ್ತೆ."

"ಗೊತ್ತಾಯ್ತು" ಎಂದರು ಅತ್ತೆ.

ಹೊರಗೆ ಗುಜುಗುಜು ಹೆಚ್ಚಿತು. ಮೇಷ್ಟ್ರು ಬಾಗಿಲು ತಟ್ಟಿ, "ಟೀಚರಮ್ಮ, ಹೂಂ ಅಂತೀರೋ, ಉಹೂಂ ಅಂತೀರೋ?" ಎಂದು ಕೂಗಿದರು. ಅತ್ತೆ ಪುಸ್ತಕದ ಕಟ್ಟಿನ ಮೇಲಿಂದ ಏಳಲಿಲ್ಲ. ಅಲಾರಾಂ ಕುರ್ಚಿಯ ಕೆಳಗೆ ಬಡಿದುಕೊಂಡರೂ ಅಲುಗದ ಹೆಂಗಸು, ಈಗ ಬಾಗಿಲಾಚೆ ಹೋಗಿ ಒಂದು ಮಾತು ಹೇಳುವುದಕ್ಕೆ ಹೆದರಿ ಕೂತಿದ್ದರು. ಅಷ್ಟು ದೊಡ್ಡ ಕಿವಿಯನ್ನು ಅಳಿಯನಿಗೋಸ್ಕರ ಮುಚ್ಚಿಕೊಂಡು, ಮಗಳೊಬ್ಬಳನ್ನು ಬಿಟ್ಟು ಯಾರೊಡನೆಯೂ ಬಾಯಿಬಿಟ್ಟು ಹರಟದೆ, ಎರಡು ವರ್ಷ ಸ್ಲೇಟಿನಲ್ಲಿ ಬದುಕಿದವರು. ಕಿವಿಡಾಕ್ಟರನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಅವನು ಎದ್ದು ಬಾಗಿಲು ತೆರೆದ.

"ತಪ್ಪಾಯ್ತು" ಎಂದ, ಎಲ್ಲರಿಗೂ ಕೇಳುವಂತೆ. "ಇವರಿಗೆ ಏನೂ ಕೇಳಲ್ಲ. ಒಳಗೆ ಪರೀಕ್ಷೆ ಮಾಡಿದೆ. ಬೆಂಚಿನಲ್ಲಿ ಮೊಳೆ ಎದ್ದಿದೆ, ಚುಚ್ಚಿತಂತೆ, ಅದಕ್ಕೇ ಹಾರಿದ್ದು."

"ಮತ್ತೆ 'ಅದೇ ಸ್ವರ' ಅಂದ್ರಲ್ಲ?" ಎಂದರು ಮೇಷ್ಟ್ರು.

"ನೋವಿನಲ್ಲಿ ಮನುಷ್ಯರು ಏನೇನೋ ಅಂತಾರೆ."

ಪಾದ್ರಿಗಳು, ಹೊರಗೆ ಬಂದು ಬೆಂಚಿನ ಬಳಿ ನಿಂತ ಅತ್ತೆಯ ಮುಖದ ಹತ್ತಿರ ಬಗ್ಗಿ, "ಅಮ್ಮಾ, ನನ್ನ ದನಿ ಕೇಳ್ತಾ ಇದೆಯಾ?" ಎಂದು ಕೂಗಿದರು. ಅತ್ತೆ ಮುಗುಳ್ನಕ್ಕು ನೆಲದಿಂದ ಸ್ಲೇಟಿನ ದೊಡ್ಡ ಚೂರೊಂದನ್ನು ಹೆಕ್ಕಿ, ಬಳಪದ ಜೊತೆ ಅವರ ಕೈಗಿತ್ತರು.

ಅದ್ಭುತ ಕಳೆದುಕೊಂಡ ಜನ ಸುಮ್ಮನಿರುತ್ತಾರೆಯೇ? "ಇವನ ಯಂತ್ರಗಳೂ ಹೀಗೇ ಇರ್ಬೇಕು, ಒಂದ್ಸಲ ಕೇಳುತ್ತೆ ಅಂತಾನೆ, ಒಂದ್ಸಲ ಕೇಳಲ್ಲ ಅಂತಾನೆ" ಎಂದರು ನರ್ಸಮ್ಮ. ಯಾರೋ ನಕ್ಕರು. ಮೇಷ್ಟ್ರು ಮತ್ತೆ ಹಲ್ಲುನೋವಿನ ಮುಖ ಹಾಕಿಕೊಂಡು ಹಾರ್ಮೋನಿಯಂ ಮುಂದೆ ಕೂತರು.

ಗಂಟೆ ಮೊಳಗಿತು. ಬೆಂಚುಗಳು ತುಂಬಿದವು. ಸಾಕ್ಷಿಯ ಹೊತ್ತಿಗೆ ಕಿವಿಡಾಕ್ಟರ ತಲೆ ತಗ್ಗಿಸಿ ಹಿಂದಿನ ಸಾಲಿನಲ್ಲೇ ನಿಂತಿದ್ದ. ಇನ್ನು ಜನ್ಮದಲ್ಲಿ ಬಾಯಿ ತೆರೆಯಬಾರದು ಎಂದುಕೊಂಡಿದ್ದ. ಪಾದ್ರಿಗಳು ಎರಡು ಸಲ ಕರೆದರು. ಅವನು ಕದಲಲಿಲ್ಲ. ಅಣ್ಣ ಹೋದಾಗಿನ ಆ ಕಲ್ಲು ಎದೆಯಲ್ಲಿ ಮತ್ತೆ ಜಾಗ ಹುಡುಕುತ್ತಿರುವಂತೆ ಅನ್ನಿಸಿತು. ಆಗ ಕಂಬದ ಬಳಿ ಕೂತಿದ್ದ ಅತ್ತೆ ಅವನ ಕಡೆ ತಿರುಗಿ, ನಲವತ್ತು ವರ್ಷ ಗಾಯಕರಿಗೆ ಮಾಡುತ್ತಿದ್ದ ಹಾಗೆ, ಬೆರಳೆತ್ತಿ ಸನ್ನೆ ಮಾಡಿದರು: ಶುರುಮಾಡಿ.

ಅವನು ಮುಂದೆ ಬಂದ. ಬಾಯಿ ತೆರೆಯುವ ಮುಂಚೆ, ಸಮಾಧಾನಕ್ಕೆಂದು, ಎಂದಿನಂತೆ ಮೊದಲ ಬೆಂಚಿನ ಕಡೆ ನೋಡಿದ. ಎಂದಿನಂತೆ ಆರು ಕೈಗಳೂ ಕಿವಿಯ ಹಿಂದಕ್ಕೆ ಹೋದವು. ಆದರೆ ಬೆಳಗಿನಿಂದ ಸಂಶಯಪಟ್ಟು ಪಟ್ಟು ಅವನ ಕಣ್ಣು ಚುರುಕಾಗಿತ್ತು. ತುದಿಯಲ್ಲಿ ಕೂತ ದರ್ಜಿ ತಾತನ ಬೆರಳು ಮೇಲಿನ ಗುಂಡಿಯ ಮೇಲಿರಲಿಲ್ಲ, ಕೆಳಗಿನದರ ಮೇಲಿತ್ತು. ಒತ್ತಿ ಹಿಡಿದೇ ಇತ್ತು. ತಾತನ ತುಟಿಗಳು ಭಕ್ತಿಯಿಂದ ಅಲುಗುತ್ತಿದ್ದವು. ಪ್ರಾರ್ಥನೆ ಎಂದು ಅವನು ಇಷ್ಟು ದಿನ ತಿಳಿದಿದ್ದದ್ದು ಪ್ರಾರ್ಥನೆಯಲ್ಲ. ಒಂದು, ಎರಡು, ಮೂರು.

ಪಕ್ಕದವರೂ ಎಣಿಸುತ್ತಿದ್ದರು. ಆರು ಮಂದಿಯೂ, ಅವನೇ ತಾಳ್ಮೆಯಿಂದ ಹತ್ತು ಸಲ ಹೇಳಿಕೊಟ್ಟಂತೆ, ಒಂದಿಷ್ಟೂ ತಪ್ಪಿಲ್ಲದೆ ಎಣಿಸಿ ಮುಗಿಸಿ, ಕೈ ಇಳಿಸಿ, ಅವನನ್ನು ನೋಡಿ ಪ್ರೀತಿಯಿಂದ ನಕ್ಕರು.

ಕಿವಿಡಾಕ್ಟರ ಕಣ್ಣು ಮುಚ್ಚಿಕೊಂಡು ಹಾಡಿದ. ಅವನ ಚರಣವನ್ನು ಆ ದಿನ ಮೊದಲಿಂದ ಕೊನೆಯವರೆಗೆ, ಮುಖವೊಂದಿಷ್ಟೂ ಕದಲಿಸದೆ, ಪೂರ್ತಿ ಕೇಳಿದವರು ಕಂಬದ ಬಳಿ ಕೂತಿದ್ದ ಆ ಕಿವುಡಿ ಒಬ್ಬರೇ.