ಅತ್ತೆಗೆ ‘ನೀ’ ಎಂದ ಭಾನುವಾರ

ಮುಂಬಯಿಯಲ್ಲಿ ಕನ್ನಡ ಉಳಿಯುವುದಿದ್ದರೆ ಅದು ದಹಿಸರ್‌ನ ನಮ್ಮ ಫ್ಲ್ಯಾಟಿನಿಂದಲೇ ಎಂದು ಕಳೆದ ಭಾನುವಾರ ತೀರ್ಮಾನಿಸಿಬಿಟ್ಟೆ! ನಾನು ಕಲಬುರಗಿಯವನು. ಹೆಂಡತಿ ವಿನೋದಿನಿ ಉಡುಪಿ ಕಡೆಯವಳು, ತಾಯಿಯೊಡನೆ ಅವಳದು ತುಳು. ನಾನೂ ಅತ್ತೆಯೂ ಮಾತ್ರ ಮದುವೆಯಾದಂದಿನಿಂದ ಹಿಂದಿಯಲ್ಲಿ “ಆಪ್, ಆಪ್” ಎನ್ನುತ್ತ ಕಾಲ ತಳ್ಳಿದ್ದೆವು. ಕನ್ನಡ ಬಲ್ಲ ಇಬ್ಬರ ನಡುವೆ ಹಿಂದಿ! ಎಂಥ ಅವಮಾನ!

“ಇವತ್ತಿನಿಂದ ನಿಮ್ಮವ್ವನ ಕೂಡ ಬರೇ ಕನ್ನಡ!” ಎಂದು ಘೋಷಿಸಿದೆ.

“ಸುಮ್ನೆ ಇರಿ ಮಾರಾಯ್ರೆ. ಹೆರಿಗೆ ರಜೆ ಮುಗೀತು, ನಾಳೆಯಿಂದ ನನಗೆ ಪರೇಲ್ ಆಫೀಸ್ ಉಂಟು. ಮಗುವನ್ನು ಅಮ್ಮನೇ ನೋಡ್ಬೇಕು. ಎಂತದೂ ಗಡ್‌ಬಡ್ ಮಾಡ್ಬೇಡಿ!”

ಅಷ್ಟರಲ್ಲಿ ಬೆಲ್ ಆಯಿತು. ದಾದರ್‌ನಿಂದ ಬ್ಯಾಗು ಹಿಡಿದು ಅತ್ತೆ ಬಂದಿದ್ದರು. ನನ್ನೊಳಗಿನ ಪ್ರೀತಿಯನ್ನೆಲ್ಲ ಸುರಿದೆ. “ಬಾ ಯವ್ವಾ! ಕೂಡು. ನಿನ್ನ ಮೊಣಕಾಲ್ ನೋವು ಹ್ಯಾಂಗದ? ಚಾ ಕುಡಿ.”

ಅತ್ತೆ ಕೂರಲಿಲ್ಲ. ನನಗೂ ತಿಳಿಯಲೆಂದು ಕನ್ನಡದಲ್ಲೇ ಮಗಳನ್ನು ಕೇಳಿದರು. “ವಿನೂ, ಇವರು ಬೆಳಿಗ್ಗೆಯೇ ಕುಡಿದಿದ್ದಾರಾ?”

“ಇಲ್ಲ ಯವ್ವಾ! ನಮ್ಮ ಕಡಿ ಗುರ್ತಿಲ್ಲದ ಮಂದಿಗಿ ‘ನೀವು’ ಅಂತೀವಿ. ಹೆತ್ತವ್ವಗ ‘ನೀ’ ಅಂತೀವಿ. ನೀ ಅಂದ್ರ ಪ್ರೀತಿ! ನೀ ಸಿಟ್ಟಾಗಬ್ಯಾಡ, ನೀ ನನ್ನ ಅವ್ವ ಇದ್ದಂಗ!”

ನನ್ನ ಒಂದೊಂದು ‘ನೀ’ಗೂ ಅತ್ತೆ ಬಾಗಿಲ ಕಡೆಗೆ ಒಂದೊಂದು ಹೆಜ್ಜೆ ಇಡುತ್ತಿದ್ದರು. ಸಾಕ್ಷಿ ಬೇಕಲ್ಲ! ಕಲಬುರಗಿಗೆ ಫೋನ್ ಹಚ್ಚಿ, ನನ್ನ ಅವ್ವ ಗುರುಬಾಯಿಗೆ ಸಂಗತಿ ಹೇಳಿ ಸ್ಪೀಕರ್ ಹಾಕಿದೆ.

“ಏ ತಂಗೀ, ನೀ ಯಾಕ ಸಿಟ್ಟ ಮಾಡ್ಕೊಂಡೀ? ಹುಚ್ಚಿ ಇದ್ದೀ ನೋಡು!” ಎಂದು ಅವ್ವ ಬಾಯ್ತುಂಬ ನಕ್ಕಳು. ಅವಳ ಪಾಲಿಗೆ ಅದಕ್ಕಿಂತ ಅಕ್ಕರೆಯ ಮಾತು ಇನ್ನೊಂದಿಲ್ಲ. ಆದರೆ ಅದನ್ನು ಯಾರಿಗೆ ಹೇಳಲಿ?

“ಇವರ ಇಡೀ ಮನೆತನವೇ ಹೀಗಾ?” ಎಂದು ಅತ್ತೆ ಲಿಫ್ಟ್‌ನ ಗುಂಡಿ ಒತ್ತಿಯೇಬಿಟ್ಟರು.

ವಿನೋದಿನಿಯ ಕಣ್ಣಲ್ಲಿ ನೀರು. “ನಾಳೆಯೂ ರಜೆ ಹಾಕಿದ್ರೆ ನನ್ನ ಕೆಲಸ ಹೋಯ್ತು. ಆಮೇಲೆ ಮನೆಯಲ್ಲಿ ಕೂತು ನಿಮ್ಮ ಕನ್ನಡ ಕೇಳ್ತಾ ಇರ್ತೇನೆ, ಆಯ್ತಾ?” ಎಂದು ನನ್ನ ಮೇಲೆ ಹರಿಹಾಯ್ದಳು. ನನಗೆ ಅಳುವುದೋ ಕಿರುಚುವುದೋ ತಿಳಿಯಲಿಲ್ಲ. ಪ್ರೀತಿ ತೋರಿಸಿ ಬೈಸಿಕೊಂಡವನು ಈ ಲೋಕದಲ್ಲಿ ನಾನೊಬ್ಬನೇ ಇರಬೇಕು!

ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ಮಗು ಬಿಲ್ಡಿಂಗ್ ಹಾರಿಹೋಗುವಂತೆ ಅತ್ತಿತು. ಅತ್ತೆ ಲಿಫ್ಟ್ ಬಿಟ್ಟು ಓಡಿಬಂದು ಎತ್ತಿಕೊಂಡರು. ಬ್ಯಾಗು ಒಳಗೆ ಬಂತು. ನಾನು ಉಸಿರು ಬಿಟ್ಟೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅತ್ತೆಯ ಗುಡುಗು ಕೇಳಿಸಿತು. “ಏಯ್ ಕಾಶೀನಾಥ! ನೀನು ಅಲ್ಲಿ ಎಂತ ಮಾಡ್ತಿದ್ದೀ? ಮಗು ಹೊಲಸು ಮಾಡಿದೆ, ಬಟ್ಟೆ ಒಗೆದು ಹಾಕು, ಹೋಗು!”

ಅಷ್ಟು ವರ್ಷ ‘ಆಪ್’ ಎನಿಸಿಕೊಂಡ ಅಳಿಯ ನಾನು! ದಿಗ್ಭ್ರಮೆಯಿಂದ ಹೆಂಡತಿಯ ಮುಖ ನೋಡಿದೆ.

ಅವಳು ನನ್ನ ಕೈಗೆ ಬಕೆಟ್ ಕೊಟ್ಟಳು. “ಅಮ್ಮನಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿ ಬಂದಿದೆ ನೋಡಿ!”