ನೋಡೋಣ ಎನ್ನುವ ಅಳಿಯ

ನನಗಾಗ ಎಪ್ಪತ್ತೊಂದು. ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಅಳಿಯನ ಪಕ್ಕ ಅರ್ಧ ಗಂಟೆ ಕೂತರೆ ಬಂಡೆಗೂ ಆಕಳಿಕೆ ಬರುತ್ತದೆ ಎಂದು ನಾನು ಅದಕ್ಕೂ ಮೊದಲಿನಿಂದಲೇ ಹೇಳುತ್ತಿದ್ದೆ. ಯಾರೂ ನಂಬುತ್ತಿರಲಿಲ್ಲ. ನಾವಿರುವ ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಅವನಿಗೆ ಒಳ್ಳೆಯ ಹೆಸರು. ಜಿಪಿ ಡಾಕ್ಟರು, ಸಾಧು ಮನುಷ್ಯ, ತಾಳ್ಮೆಯ ಮೂರ್ತಿ ಎನ್ನುತ್ತಾರೆ. ಮೂರ್ತಿ ಅನ್ನುವುದು ಸರಿಯೇ. ಅಲ್ಲಾಡುವುದಿಲ್ಲವಲ್ಲ!

ಡಾಕ್ಟರ್ ಅಳಿಯನನ್ನು ಏಕವಚನದಲ್ಲಿ ಕರೆಯುತ್ತಾಳಲ್ಲ ಈ ಮುದುಕಿ ಎಂದುಕೊಳ್ಳಬೇಡಿ. ಅವನು ನನ್ನ ಅಣ್ಣನ ಮಗ. ಮಗಳನ್ನು ಕೊಡುವುದಕ್ಕೆ ಎಷ್ಟೋ ವರ್ಷ ಮೊದಲೇ ಅವನ ಮೂಗು ಒರೆಸಿದವಳು ನಾನು. ಹುಟ್ಟುವಾಗಲೇ ತಡ ಮಾಡಿದ. ಸೂಲಗಿತ್ತಿ ಬಂದಳು, ಕಾದಳು, ಊಟ ಮಾಡಿದಳು, ಮನೆಗೆ ಹೋಗಿ ಎಮ್ಮೆ ಕರೆದು ಮತ್ತೆ ಬಂದಳು. ನಡೆಯುವುದು ತಡ, ಮಾತು ಅದಕ್ಕಿಂತ ತಡ. ಮೂರು ತುಂಬಿದ ಮೇಲೆ ಬಾಯಿ ಬಿಟ್ಟ. ಆಡಿದ ಮೊದಲನೆಯ ಮಾತು ‘ಆಮೇಲೆ’. ನನ್ನ ಓದು ಮೂರನೇ ಕ್ಲಾಸಿಗೆ ಮುಗಿದುಹೋಯಿತು. ಅವನದು ಮೂವತ್ತೈದಾದರೂ ಮುಗಿಯಲಿಲ್ಲ. ನನ್ನ ಮಗಳೋ ಆಪರೇಷನ್ನಿಗೆ ಮುಂಚೆ ಪ್ರಜ್ಞೆ ತಪ್ಪಿಸುವ ಡಾಕ್ಟರು. ಅವಳ ಕೈಯಲ್ಲಿ ಆನೆಯಾದರೂ ಹತ್ತು ಎಣಿಸುವುದರೊಳಗೆ ಮಲಗಬೇಕು. ಈ ಇಬ್ಬರನ್ನೂ ಒಂದೇ ಹಸೆಯ ಮೇಲೆ ಕೂರಿಸಿದವರು ನಾವೇ. ಯಾರನ್ನು ಬೈಯುವುದು?

ಕುಕ್ಕರಿನ ವಿಷಯವನ್ನೇ ತೆಗೆದುಕೊಳ್ಳಿ. ಸೀಟಿ ಕೂಗಿದ ಮೇಲೆ ಎಲ್ಲರ ಮನೆಯಲ್ಲೂ ಏನು ಮಾಡುತ್ತಾರೆ? ಅವಸರವಿದ್ದರೆ ಸೌಟಿನ ತುದಿಯಿಂದ ವೆಯಿಟ್ಟು ಎತ್ತಿ ಹಬೆ ಬಿಡುತ್ತಾರೆ. ನಮ್ಮ ಅಳಿಯನ ಮನೆಯಲ್ಲಿ ಅದು ಮಹಾಪಾಪ. ಹಬೆ ತಾನಾಗಿ ಇಳಿಯಬೇಕು. ಒಂದು ಸಲ ಮ್ಯಾಂಚೆಸ್ಟರ್ ಕಡೆಯ ಡಿಡ್ಸ್‌ಬರಿಯಿಂದ ಮಗಳ ಜೊತೆಗೆ ಓದಿದ ಡಾಕ್ಟರುಗಳು ನಾಲ್ಕು ಜನ ಊಟಕ್ಕೆ ಬಂದಿದ್ದರು. ಬೇಳೆ ಕುಕ್ಕರಿನೊಳಗೆ. ಇವನು ಅದರ ಮುಂದೆ ಕೈಕಟ್ಟಿ ನಿಂತಿದ್ದಾನೆ. ಬಂದವರು ಹಪ್ಪಳ ಮುಗಿಸಿದರು, ಉಪ್ಪಿನಕಾಯಿ ಮುಗಿಸಿದರು, ಪಾಯಸಕ್ಕೆ ಕೈ ಹಾಕಿದರು. ಸಾರು ಬಂದಾಗ ಅವರು ಕೈ ತೊಳೆಯುತ್ತಿದ್ದರು.

ರೌಂಡ್‌ಅಬೌಟಿನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಎಂಬುದು ಈ ದೇಶದ ನಿಯಮ. ಇವನು ಬರುವವರಿಗೂ ಬಿಡುತ್ತಾನೆ, ಬರಬಹುದಾದವರಿಗೂ ಬಿಡುತ್ತಾನೆ. ಹಿಂದಿನವರು ಹಾರ್ನ್ ಹೊಡೆದರೆ ಕನ್ನಡಿಯಲ್ಲಿ ನೋಡಿ ಕೈಯೆತ್ತಿ ನಗುತ್ತಾನೆ. ಅವರು ಏನೆಂದು ಬೈಯುತ್ತಾರೋ ನನಗೆ ಗೊತ್ತಿಲ್ಲ, ನನಗೆ ಬರುವ ಇಂಗ್ಲಿಷು ಒಳ್ಳೆಯ ಮಾತುಗಳದ್ದು ಮಾತ್ರ.

ಈ ಮನುಷ್ಯನಿಗೆ ಹುಟ್ಟಿದ ಮಗ ಐಸ್ ಹಾಕಿ ಆಟಗಾರ. ಜಗತ್ತಿನಲ್ಲಿ ಇದಕ್ಕಿಂತ ಜೋರಾಗಿ ಓಡುವ ಆಟ ಇಲ್ಲವಂತೆ. ಕಾಲಿಗೆ ಚಾಕು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಹಾರುತ್ತಾರೆ, ಕೋಲಿನಿಂದ ಕರಿ ಬಿಲ್ಲೆಯೊಂದನ್ನು ಹೊಡೆಯುತ್ತಾರೆ, ಬಿಲ್ಲೆ ಸಿಗದಿದ್ದರೆ ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ನನ್ನ ಮೊಮ್ಮಗ ಏಳೆಂಟು ವರ್ಷದವನಿದ್ದಾಗ ಯಾರದೋ ಹುಟ್ಟುಹಬ್ಬಕ್ಕೆಂದು ಸ್ಕೇಟಿಂಗಿಗೆ ಹೋದವನು ಮನೆಗೆ ಬರಲೊಲ್ಲೆ ಎಂದ. ಅಪ್ಪ ಏನೆಂದ? ‘ಇರಲಿ, ನೋಡೋಣ’ ಎಂದ. ನೋಡುತ್ತ ನೋಡುತ್ತ ಹುಡುಗ ಆರಡಿ ಮೂರಿಂಚು ಬೆಳೆದ. ಹದಿನೆಂಟಕ್ಕೆ ಪಕ್ಕದ ಊರಿನ ಕ್ಲಬ್ಬಿನವರು ಸಂಬಳಕ್ಕೆ ತೆಗೆದುಕೊಂಡರು.

ಅವನ ಜಾಗಕ್ಕೆ ಪವರ್ ಫಾರ್ವರ್ಡ್ ಎಂದು ಹೆಸರು. ಹೆಸರು ಕೇಳಿ ನಾನು ಕುದುರೆಯೇರಿದ ಸೇನಾಪತಿಯನ್ನು ನೆನೆಸಿಕೊಂಡಿದ್ದೆ. ನೋಡಿದರೆ ಎದುರಾಳಿಯ ಗೋಲಿನ ಮುಂದೆ ಅಡ್ಡ ನಿಲ್ಲುವುದೇ ಮುಖ್ಯವಾದ ಕೆಲಸ. ಮದುವೆ ಮನೆಯಲ್ಲಿ ಊಟದ ಮನೆಯ ಬಾಗಿಲಿಗೆ ದಪ್ಪ ಸೋದರಮಾವನೊಬ್ಬ ನಿಂತಿರುತ್ತಾನಲ್ಲ, ಹಾಗೆ. ಹಿಂದಿನಿಂದ ತಳ್ಳುತ್ತಾರೆ, ಸೊಂಟಕ್ಕೆ ತಿವಿಯುತ್ತಾರೆ. ಅಲ್ಲಾಡಬಾರದು. ಬಿಲ್ಲೆ ಬರುವತನಕ ನಿಂತಿರಬೇಕು, ಬಂದ ಕ್ಷಣ ತಿರುಗಿ ಒಳಗೆ ತಳ್ಳಬೇಕು. ಇಂಥವರು ತಯಾರಾಗುವುದು ನಿಧಾನವಂತೆ. ಕೋಚ್ ಉತ್ತರದ ಲೀಡ್ಸ್ ಕಡೆಯವನು, ಬೋಳುತಲೆಯವನು. ಅಳಿಯನ ಮುಂದೆ ಅವನು ಹೇಳಿದ್ದು ಹೀಗೆ: ‘ದೊಡ್ಡ ಹುಡುಗರಿಗೆ ಮೊದಲು ಮೈ ಬರುತ್ತದೆ, ಆಮೇಲೆ ಕಾಲು ಬರುತ್ತದೆ, ಎಲ್ಲಕ್ಕೂ ಕೊನೆಗೆ ಬುದ್ಧಿ ಬರುತ್ತದೆ. ನಿಮ್ಮವನು ಗೋಲಿನ ಮುಂದೆ ಬೇಗ ಹೋಗಿಬಿಡುತ್ತಾನೆ, ಬಿಲ್ಲೆ ಬರಲಿಲ್ಲವೆಂದು ಬೇಗ ಬಿಟ್ಟುಬರುತ್ತಾನೆ.’ ಈ ಮಾತು ಕೇಳಿ ನಮ್ಮ ಅಳಿಯನ ಮುಖ ಅರಳಿತು. ಜೀವಮಾನದಲ್ಲಿ ಮೊದಲನೆಯ ಸಲ ತನ್ನ ಭಾಷೆ ಆಡುವವನೊಬ್ಬ ಸಿಕ್ಕಿದ್ದ.

ನನಗೆ ಒಪ್ಪಿಗೆಯಾಗಲಿಲ್ಲ. ನಾನು ರೇಷ್ಮೆ ಹುಳ ಸಾಕಿ ಮಕ್ಕಳನ್ನು ದೊಡ್ಡವರು ಮಾಡಿದವಳು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನುವುದನ್ನು ಕೇಳಬೇಕು, ಮನೆಯೊಳಗೇ ಮಳೆ ಹುಯ್ದ ಹಾಗೆ ಸದ್ದು. ಆದರೆ ತಿಂದದ್ದಕ್ಕೆ ಲೆಕ್ಕ ಒಪ್ಪಿಸುತ್ತದೆ. ಮೊಟ್ಟೆಯೊಡೆದು ತಿಂಗಳು ತುಂಬುವಷ್ಟರಲ್ಲಿ ಗೂಡು ಕಟ್ಟಿ ಮುಗಿಸಿರುತ್ತದೆ.

ಅದನ್ನೇ ಊಟದ ಮೇಜಿನಲ್ಲಿ ಹೇಳಿದೆ. ‘ತಿನ್ನೋದೇನೋ ನಾಲ್ಕನೇ ಜ್ವರ ಎದ್ದ ಹಾಗೆ ತಿಂತಾನೆ ನಿನ್ನ ಮಗ. ಎರಡು ವರ್ಷ ಆಯ್ತು. ಗೂಡೆಲ್ಲಪ್ಪ?’

‘ಕಟ್ತಾನೆ ಅತ್ತೆ. ನೋಡೋಣ.’

ಮೊಮ್ಮಗ ಏಳನೆಯ ಚಪಾತಿ ಮಡಚುತ್ತ, ‘ಅಜ್ಜಿ, ಆರ್ ಯು ಕಾಲಿಂಗ್ ಮಿ ಎ ವರ್ಮ್?’ ಎಂದ.

‘ಹುಳಾನೇ ವಾಸಿ’ ಎಂದೆ.

ಅವನ ಆಟ ನೋಡಲು ಮೊದಲ ಸಲ ಹೋದಾಗ ಆದದ್ದನ್ನು ಮಗಳು ಇವತ್ತಿಗೂ ಎಲ್ಲರಿಗೂ ಹೇಳಿ ನಗುತ್ತಾಳೆ. ಎರಡು ಸ್ವೆಟರು, ಕೋಟು, ತಲೆಗೆ ಮಫ್ಲರು ಸುತ್ತಿಕೊಂಡು ಕೂತಿದ್ದೆ. ಮೊಮ್ಮಗ ಬಹಳ ಹೊತ್ತು ಬೆಂಚಿನಲ್ಲೇ ಇದ್ದ. ಆಮೇಲೆ ಇಳಿದ, ಯಾರಿಗೋ ಡಿಕ್ಕಿ ಹೊಡೆದ. ಪಟ್ಟೆ ಅಂಗಿಯವನೊಬ್ಬ ಸೀಟಿ ಊದಿ ಇವನನ್ನು ಒಬ್ಬನನ್ನೇ ಕರೆದುಕೊಂಡು ಹೋಗಿ ಒಂದು ಗಾಜಿನ ಕೋಣೆಯಲ್ಲಿ ಕೂರಿಸಿದ. ಬಾಗಿಲು ತೆರೆಯುವುದಕ್ಕೂ ಒಬ್ಬ ಆಳು. ನನಗೆ ಎದೆ ಉಬ್ಬಿತು. ಬೀಗರಿಗೆ ಬೇರೆ ಕುರ್ಚಿ ಹಾಕುವ ಹಾಗೆ ಮರ್ಯಾದೆ ಮಾಡುತ್ತಿದ್ದಾರೆ ಎಂದುಕೊಂಡು ಎದ್ದು ನಿಂತು ಕೈ ಬೀಸಿದೆ. ಹುಡುಗ ತಲೆ ತಗ್ಗಿಸಿದ. ವಿನಯ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಕೂರಿಸಿದರು, ಮತ್ತೆ ಬೀಸಿದೆ. ಆಗ ಪಕ್ಕದಲ್ಲಿ ಫ್ಲಾಸ್ಕಿನಿಂದ ಟೀ ಕುಡಿಯುತ್ತಿದ್ದ ಹೆಂಗಸು ನನ್ನ ತೋಳು ಹಿಡಿದು, ‘ಬ್ಯಾಬ್, ಅದು ತಪ್ಪು ಮಾಡಿದವರನ್ನು ಕೂರಿಸುವ ಜಾಗ’ ಎಂದು ಕೈಸನ್ನೆಯಲ್ಲೂ ಇಂಗ್ಲಿಷಿನಲ್ಲೂ ತಿಳಿಸಿದಳು. ಬ್ಯಾಬ್ ಎಂದರೆ ಈ ಕಡೆಯವರು ಕಂಡವರನ್ನೆಲ್ಲ ಕರೆಯುವ ಮಾತು, ನಾವು ‘ಕಣಮ್ಮ’ ಅನ್ನುವ ಹಾಗೆ.

ನಾನು ಇನ್ನೊಂದು ಪಕ್ಕದಲ್ಲಿ ಕೂತಿದ್ದ ಅಳಿಯನ ಕಡೆ ತಿರುಗಿದೆ. ‘ನೀನಾದ್ರೂ ಹೇಳ್ಬಾರ್ದೇನೋ?’

‘ನೀವು ಖುಷಿಯಾಗಿದ್ರಿ ಅತ್ತೆ. ಆಮೇಲೆ ಹೇಳೋಣ ಅಂತ.’

ಹೀಗೇ ಆ ಎರಡು ವರ್ಷ ಕಳೆಯಿತು. ನಗುವಷ್ಟು ದಿನ ನಕ್ಕೆವು. ನಾಲ್ಕು ವರ್ಷದ ಹಿಂದಿನ ಆ ಚಳಿಗಾಲ ಮುಗಿಯುವ ಹೊತ್ತಿಗೆ ಯಾರಿಗೂ ನಗು ಬರುತ್ತಿರಲಿಲ್ಲ. ಎಂಜಿನಿಯರಿಂಗ್ ಓದಲು ಮೊಮ್ಮಗನಿಗೆ ಮ್ಯಾಂಚೆಸ್ಟರಿನಲ್ಲಿ ಸೀಟು ಸಿಕ್ಕಿತ್ತು. ಅದಕ್ಕೆ ಹೂಂ ಅನ್ನಲು ಒಂದು ಸೋಮವಾರ ಕೊನೆಯ ದಿನ. ಅದೇ ಸೋಮವಾರ ಬೆಳಿಗ್ಗೆ ಕೋಚ್ ಮುಂದೆಯೂ ಹೋಗಿ ನಿಲ್ಲಬೇಕಿತ್ತು. ಮುಂದಿನ ವರ್ಷ ಇವನನ್ನು ಉತ್ತರದ ಒಂದು ಸಣ್ಣ ಕ್ಲಬ್ಬಿಗೆ ಕಳಿಸುತ್ತೇನೆ, ಅಲ್ಲಿ ಬೆಂಚಿನಲ್ಲಿ ಕೂರದೆ ದಿನಾ ಆಡಿ ಕಲಿಯಲಿ ಎಂದು ಕೋಚ್ ಹೇಳಿದ್ದ. ಹೂಂ ಅಂದವರು ಮಾತ್ರ ಅವತ್ತು ಬರಬೇಕು, ಬಾರದವರ ಜಾಗ ಬೇರೆಯವರಿಗೆ. ಎರಡರಲ್ಲಿ ಒಂದು.

‘ಕೆಳಗಿನ ಟೀಮಿಗೆ ಹಾಕ್ತಿದಾರೆ ಅಂದ್ರೆ ಏನರ್ಥ? ಬೇಡ ಅಂತ ಅರ್ಥ. ನಯವಾಗಿ ಹೇಳ್ತಿದಾರೆ ಅಷ್ಟೇ’ ಎಂದಳು ಮಗಳು.

‘ನಿಧಾನಕ್ಕೆ ಬೆಳೆಸ್ತಿದಾರೆ ಅಂತಾನೂ ಆಗ್ಬಹುದು’ ಎಂದ ಅಳಿಯ.

‘ನಿಮ್ಮ ನಿಧಾನಕ್ಕೆ ಅವನ ವಯಸ್ಸು ನಿಂತುಕೊಂಡು ಕಾಯುತ್ತಾ?’

ಹುಡುಗ ಅಮ್ಮನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ‘ಅಪ್ಪ, ವಾಟ್ ಡು ಯು ಥಿಂಕ್?’ ಎಂದು ಕೇಳಿದ. ನೇರವಾಗಿ ಕೇಳಿದ.

ಅಳಿಯ ಲೋಟ ಕೆಳಗಿಟ್ಟ. ಒರೆಸಿದ. ಮತ್ತೆ ಎತ್ತಿಕೊಂಡ. ‘ನೋಡೋಣ’ ಎಂದ.

ನನಗೆ ಅವನ ತಲೆಯ ಮೇಲೆ ಒಂದು ಮೊಟಕಬೇಕು ಅನ್ನಿಸಿತು. ಮಗ ಅಷ್ಟು ಆಸೆಯಿಂದ ಕೇಳಿದಾಗಲೂ ಒಂದು ಮಾತು ಹುಟ್ಟುವುದಿಲ್ಲವೇ ಇವನಿಗೆ? ಹೂಂ ಅನ್ನು, ಇಲ್ಲವೇ ಊಹೂಂ ಅನ್ನು. ಎರಡೂ ಅನ್ನದವನು ಅಪ್ಪ ಯಾಕಾದ?

ಆ ಸೋಮವಾರದ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಆಟವಿತ್ತು. ಮಗಳಿಗೆ ಆಸ್ಪತ್ರೆಯಲ್ಲಿ ಸರದಿಯ ಡ್ಯೂಟಿ. ನಾನೂ ಅಳಿಯನೂ ಹೋದೆವು. ಕೊನೆಯ ಭಾಗದಲ್ಲಿ ಮೊಮ್ಮಗನನ್ನು ಇಳಿಸಿದರು. ಅವನು ಗೋಲಿನ ಮುಂದೆ ಹೋಗಿ ನಿಂತ. ಇಬ್ಬರು ಬಂದು ತಳ್ಳಿದರು. ಬಿಲ್ಲೆ ಬರಲಿಲ್ಲ. ಈಗ ಬಿಟ್ಟುಬರುತ್ತಾನೆ ಎಂದುಕೊಂಡೆ, ಬರಲಿಲ್ಲ. ಕೋಲಿನಿಂದ ಬೆನ್ನಿಗೆ ಹೊಡೆದರು, ಆಗಲೂ ನಿಂತೇ ಇದ್ದ. ದೂರದಿಂದ ಇನ್ನೊಬ್ಬ ಹೊಡೆದ ಬಿಲ್ಲೆ ಇವನ ಮೊಣಕಾಲ ಪಕ್ಕದಿಂದ ಒಳಗೆ ಹೋಯಿತು. ಇವನು ಅಡ್ಡ ನಿಂತಿದ್ದಕ್ಕೆ ಗೋಲು ಕಾಯುವವನಿಗೆ ಅದು ಕಾಣಿಸಿರಲೇ ಇಲ್ಲ. ಜನ ಎದ್ದು ಕೂಗಿದರು, ಹೊಡೆದವನ ಹೆಸರನ್ನು. ಆ ಗದ್ದಲದಲ್ಲೇ ಯಾರೋ ಹಿಂದಿನಿಂದ ಬಂದು ನನ್ನ ಮೊಮ್ಮಗನನ್ನು ಗೋಡೆಯ ಹಲಗೆಗೆ ಅಪ್ಪಳಿಸಿದರು. ಅವನು ಏಳಲಿಲ್ಲ.

ಕತ್ತಿನ ಕೆಳಗಿನ ಕಾಲರ್ ಮೂಳೆ ಮುರಿದಿತ್ತು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವನ ಜೊತೆಗೆ ಒಬ್ಬರನ್ನು ಮಾತ್ರ ಬಿಟ್ಟರು. ಡ್ಯೂಟಿಯಿಂದ ನೇರವಾಗಿ ಓಡಿಬಂದ ಮಗಳು ಒಳಗೆ ಹೋದಳು. ನಾವಿಬ್ಬರು ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಇನ್ನೇನು, ಇವನಿಗೆ ಹೇಳಿ ಮಾಡಿಸಿದ ಜಾಗ, ನಾಳೆಯವರೆಗೂ ಕೂರುತ್ತಾನೆ ಎಂದುಕೊಂಡೆ.

ಅವನು ಎದ್ದ. ಕಿಟಕಿಯ ಹಿಂದೆ ಕೂತಿದ್ದ ಹುಡುಗಿಯ ಹತ್ತಿರ ಹೋಗಿ, ‘ಇನ್ನೆಷ್ಟು ಹೊತ್ತು?’ ಎಂದು ಕೇಳಿದ. ಬಂದು ಕೂತ. ಕೂತವನು ಮತ್ತೆ ಎದ್ದು ಹೋಗಿ ಕೇಳಿದ. ಮೂರನೆಯ ಸಲ ಹೋದಾಗ ಆ ಹುಡುಗಿ, ‘ನೀವೂ ಡಾಕ್ಟರಲ್ವಾ, ನಿಮಗೆ ಗೊತ್ತಲ್ಲ’ ಎಂದಳು. ಅವನು ಕಿಟಕಿಯ ಹಲಗೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತುಬಿಟ್ಟ. ನಾನು ಹೋಗಿ ತೋಳು ಹಿಡಿದು ಕರೆತಂದು ಕೂರಿಸಿದೆ. ಚಿಕ್ಕಂದಿನಲ್ಲಿ ಎತ್ತಿಕೊಂಡ ಮೈ. ಕೂತವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

‘ಏನಾಯ್ತೋ ನಿಂಗೆ?’

‘ನಾಳೆ ಬೆಳಿಗ್ಗೆ ಅವನು ಮತ್ತೆ ಕೇಳ್ತಾನೆ ಅತ್ತೆ. ಬಿಟ್ಬಿಡು ಅಂದ್ಬಿಡ್ತೀನಿ ಅನ್ಸುತ್ತೆ. ಬಾಯಿ ತುದೀಲಿದೆ.’

‘ಅನ್ನು. ಇಷ್ಟು ದಿನ ಬಾಯಲ್ಲಿ ಏನಿತ್ತು?’

‘ಅಂದ್ರೆ ಕೇಳ್ಬಿಡ್ತಾನೆ. ಅದೇ ಭಯ.’ ಅವನು ತನ್ನ ಅಂಗೈ ನೋಡಿಕೊಳ್ಳುತ್ತ ಹೇಳಿದ. ‘ಸಣ್ಣವನಿದ್ದಾಗ ಒಂದ್ಸಲ ನಿಂಗೆ ಹಸಿರು ಬಣ್ಣ ಒಪ್ಪುತ್ತೆ ಕಣೋ ಅಂದೆ. ಅಷ್ಟೇ ಅಂದಿದ್ದು. ಎರಡು ವರ್ಷ ಹಸಿರು ಬಿಟ್ಟು ಬೇರೆ ಅಂಗಿ ಹಾಕ್ಲಿಲ್ಲ ಅವ್ನು. ಅವತ್ತಿಂದ ನಂಗೆ ಮಾತಾಡೋಕೆ ಹೆದರಿಕೆ. ಹೂಂ ಅಂದ್ರೆ ನನಗೋಸ್ಕರ ಆಡ್ತಾನೆ. ಬೇಡ ಅಂದ್ರೆ ನನಗೋಸ್ಕರ ಬಿಡ್ತಾನೆ. ಇವತ್ತು ಸರಿಯಾಗಿ ನಿಂತ, ನೋಡಿದ್ರಾ? ಯಾರೂ ಹೇಳ್ದೆ ನಿಂತ.’

ಅಲ್ಲಿಯವರೆಗೆ ಇವನೊಳಗೆ ಏನೂ ಕುದಿಯುವುದೇ ಇಲ್ಲ, ಅದಕ್ಕೇ ಇಷ್ಟು ತಣ್ಣಗಿದ್ದಾನೆ ಎಂದು ನಾನು ತಿಳಿದಿದ್ದೆ. ಹನ್ನೆರಡು ವರ್ಷ ಒಂದೊಂದು ‘ನೋಡೋಣ’ದ ಹಿಂದೆಯೂ ಇವನು ಒಂದು ಮಾತನ್ನು ನುಂಗಿದ್ದ. ನಾನಾಗಿದ್ದರೆ ಹನ್ನೆರಡು ನಿಮಿಷವೂ ಆಗುತ್ತಿರಲಿಲ್ಲ.

ಅಳುವವರನ್ನು ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಬರುವ ಮಾತನ್ನೇ ಹೇಳಿದೆ. ‘ನಾಳೆ ಬೆಳಿಗ್ಗೆ ನೀನು ಮನೆಯೊಳಗೆ ಇರಬೇಡ. ಅವನು ಏಳೋಕೆ ಮುಂಚೆ ಹೋಗಿ ಕಾರಲ್ಲಿ ಕೂತ್ಕೋ. ಬಾಯಿಗೆ ಬಂದಿದ್ದನ್ನ ಸ್ಟೀರಿಂಗಿಗೆ ಹೇಳು.’

ಅವನು ಮೂಗು ಒರೆಸಿಕೊಂಡು, ‘ಸರಿ ಅತ್ತೆ’ ಎಂದ. ನೋಡೋಣ ಅನ್ನಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಎದ್ದು ಕೆಳಗೆ ಬಂದಾಗ ಕಾರು ಆಗಲೇ ಬುಸುಗುಡುತ್ತಿತ್ತು. ಅಳಿಯ ಮಫ್ಲರು ಸುತ್ತಿಕೊಂಡು ಒಳಗೆ ನೆಟ್ಟಗೆ ಕೂತಿದ್ದ. ಮಗಳು ಅಡುಗೆಮನೆಯಲ್ಲಿ ನಿಂತು, ಕುಡಿಯದ ಕಾಫಿಯನ್ನು ಹಿಡಿದುಕೊಂಡಿದ್ದಳು; ಅವಳಿಗೂ ಬಾಯಿ ಬಿಡಬೇಡ ಎಂದು ಹೇಳಿದ್ದೆ. ಮೊಮ್ಮಗ ಕೈಯನ್ನು ಜೋಳಿಗೆಯ ಹಾಗೆ ಕತ್ತಿಗೆ ತೂಗುಹಾಕಿಕೊಂಡು ಮೆಟ್ಟಿಲಿಳಿದು ಬಂದ.

‘ಅಪ್ಪ ಎಲ್ಲಿ?’ ಎಂದ.

‘ಕಾರಲ್ಲಿ.’

‘ಹಿ ಡಿಡಂಟ್ ಸೇ ಎನಿಥಿಂಗ್?’

‘ಇಲ್ಲ. ಯೂನಿವರ್ಸಿಟಿಗೆ ಹೂಂ ಅನ್ನೋದಾದ್ರೆ ಮನೇಲಿರು. ಕೋಚ್ ಹತ್ರ ಹೋಗೋದಾದ್ರೆ ಹೋಗು. ಕೇಳೋಕೆ ಇಲ್ಲಿ ಯಾರೂ ಇಲ್ಲ.’

ಅವನು ಕಿಟಕಿಯಿಂದ ಕಾರನ್ನು ನೋಡಿದ. ಆಮೇಲೆ ಬಾಗಿಲ ಹತ್ತಿರ ಹೋಗಿ ಬೂಟಿನೊಳಗೆ ಕಾಲು ತೂರಿಸಿದ. ಒಂದೇ ಕೈಯಲ್ಲಿ ದಾರ ಎಳೆದಾಡಿದ, ಆಗಲಿಲ್ಲ. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತು, ಕಾಲು ಕೊಡು ಎಂದೆ. ಅಜ್ಜಿಯ ತೊಡೆಯ ಮೇಲೆ ಬೂಟುಗಾಲು ಇಡಲು ಅವನಿಗೆ ಸಂಕೋಚ. ನಾನೇ ಎಳೆದು ಇಟ್ಟುಕೊಂಡು ಎರಡನ್ನೂ ಕಟ್ಟಿದೆ. ಎಡಗಾಲಿನದು ಬಿಗಿಯಾಯಿತು ಎಂದ. ಬಿಚ್ಚಿ ಮತ್ತೆ ಕಟ್ಟಿದೆ.